ನೆನೆಯದ ಸೀರೆ

ಕಳೆದ ವಾರ ನಮ್ಮ ಪ್ರಿಯಾ ಹೊಸ ಜೀನ್ಸ್ ಪ್ಯಾಂಟು ತಂದಿದ್ದಳು. ಪ್ಯಾಂಟು ಕೈಗೆ ಸಿಕ್ಕಿದರೆ ಮೊದಲು ಒಳಗಡೆ ತಿರುವಿ ನೋಡುವುದು ನನ್ನ ಅಭ್ಯಾಸ. ಹೊಲಿಗೆ ಚೆನ್ನಾಗಿಯೇ ಇತ್ತು. ಆದರೆ ಬಲಗಾಲು ಕಡುನೀಲಿ, ಎಡಗಾಲು ಬೂದಿಯ ಬಣ್ಣ.

"ಯಾರವ್ವ ಇದನ್ನ ಪಾಸ್ ಮಾಡಿದ್ದು? ಶೇಡ್ ಹೊಡ್ದೈತೆ. ವಾಪಸ್ ಕೊಟ್ಟು ಬಾ" ಎಂದೆ.

ಪ್ರಿಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಜ್ಜೀ, ಅದು ಹಂಗೇ ಇರೋದು. ಇದೇ ಈಗ ಫ್ಯಾಷನ್ನು."

ಇರಬಹುದು. ನಾವು ಬೈಸಿಕೊಂಡ ತಪ್ಪನ್ನು ಈಗ ಬೇಕೆಂದೇ ಮಾಡಿ ಮಾರುವ ಕಾಲ. ಆದರೆ ಆ ಪ್ಯಾಂಟು ಹಗ್ಗದ ಮೇಲೆ ಒಣಗುತ್ತಿದ್ದಷ್ಟು ಹೊತ್ತೂ ನನ್ನ ಕಣ್ಣು ಅದರ ಮೇಲೆಯೇ ಇತ್ತು. ಮೊಮ್ಮಕ್ಕಳಾದ ನಿಮಗೆ ಬಹಳ ದಿನದಿಂದ ಹೇಳಬೇಕು ಅಂದುಕೊಂಡದ್ದೊಂದು ನೆನಪಾಯಿತು. ಬಾಯಿಬಿಟ್ಟು ಹೇಳಲು ನನ್ನಿಂದ ಆಗದು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ನಾಚಿಕೆ ನಿಮಗೆ ಗೊತ್ತಿದ್ದದ್ದೇ. ಆಂಧ್ರದ ಮಡಕಶಿರಾ ಸೀಮೆಯ ಅಮರಾಪುರದ ಹತ್ತಿರದ ನಮ್ಮ ಊರಿನ ಶಾಲೆಯಲ್ಲಿ ನಾನು ಏಳನೇ ಕ್ಲಾಸಿನವರೆಗೆ ಓದಿದೆ. ಮೇಷ್ಟ್ರು ಕೇಳಿದ್ದಕ್ಕೆ ಉತ್ತರ ಗೊತ್ತಿದ್ದರೂ ಎದ್ದು ನಿಲ್ಲುತ್ತಿರಲಿಲ್ಲ. ಸ್ಲೇಟಿನ ಮೂಲೆಯಲ್ಲಿ ಬರೆದು ಪಕ್ಕದಲ್ಲಿ ಕೂತ ಹುಡುಗಿಗೆ ತೋರಿಸುತ್ತಿದ್ದೆ. ಅವಳು ಎದ್ದು ಗಟ್ಟಿಯಾಗಿ ಹೇಳುತ್ತಿದ್ದಳು. ಏಳು ವರ್ಷ ಅವಳು ಜಾಣೆ ಅನ್ನಿಸಿಕೊಂಡಳು, ನಾನು ಮೂಗಿ ಅನ್ನಿಸಿಕೊಂಡೆ. ಈಗ ನಿಮಗೆ ಈ ಹಾಳೆ ತೋರಿಸುತ್ತಿರುವುದೂ ಅದೇ ಬುದ್ಧಿಯಿಂದ.

ನಮ್ಮ ಅಪ್ಪ ಕುರಿ ಸಾಕುತ್ತಿದ್ದರು. ಅಜ್ಜಿಯ ಕಾಲದಲ್ಲಿ ನಮ್ಮ ಮನೆಯವರು ಕ್ರೈಸ್ತರಾದರು, ಚಿಕ್ಕಪ್ಪನ ಮನೆಯವರು ಆಗಲಿಲ್ಲ. ಆದರೂ ಮದುವೆಯೆಂದರೆ ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಮುದ್ದೆ ಮುರಿಯುತ್ತಿದ್ದೆವು. ಅವರು ಊರದೇವರಿಗೆ ಕೈಮುಗಿದು ಬಂದು ಕೂರುತ್ತಿದ್ದರು, ನಾವು ಪ್ರಾರ್ಥನೆ ಮುಗಿಸಿ ಬಂದು ಕೂರುತ್ತಿದ್ದೆವು. ಯಾರ ತಟ್ಟೆಗೆ ಸಾರು ಮೊದಲು ಬಿತ್ತು ಎನ್ನುವುದಕ್ಕೆ ಜಗಳವಾದದ್ದುಂಟು, ದೇವರಿಗಾಗಿ ಆದದ್ದು ನಾನು ಕಂಡಿಲ್ಲ. ಆದ್ದರಿಂದ ಒಂದೇ ಪುಸ್ತಕ ಹಿಡಿದ ಜನ ಎರಡಾಗಬಲ್ಲರು ಎಂಬುದು ಮದುವೆಯಾಗಿ ರಾಯದುರ್ಗಕ್ಕೆ ಬರುವವರೆಗೂ ನನಗೆ ಗೊತ್ತಿರಲಿಲ್ಲ.

ನಿಮ್ಮ ತಾತ ಬೆಳುಗುಪ್ಪದ ಕಡೆಯವರು. ಅವರ ಅವ್ವ ತೀರಿಕೊಂಡ ಮೇಲೆ ತಂಗಿಯನ್ನು ಕರೆದುಕೊಂಡು ರಾಯದುರ್ಗಕ್ಕೆ ಬಂದು ಜೀನ್ಸ್ ಹೊಲಿಯುವ ಯೂನಿಟ್ಟಿಗೆ ಸೇರಿದ್ದರು. ಆಗ ಸುತ್ತಲಿನ ಹಳ್ಳಿಗಳಿಂದ ಹೀಗೆ ಬಂದವರೇ ಬೀದಿ ತುಂಬ. ಯಾವ ಮನೆಯ ಮುಂದೆ ನಿಂತರೂ ಮಿಷನ್ನಿನ ಸದ್ದು. ಆ ತಂಗಿಯೇ ನಿಮ್ಮ ಕರುಣಮ್ಮಜ್ಜಿ. ನಿಮಗೆ ಅವಳು ಸಂಚಿಯಿಂದ ಪೆಪ್ಪರಮೆಂಟು ತೆಗೆದುಕೊಡುವ ಅಜ್ಜಿ. ಅವಳು ಒಂಬತ್ತು ವರ್ಷ ನಮ್ಮ ಹೊಸ್ತಿಲು ತುಳಿದಿರಲಿಲ್ಲ ಎಂಬುದು ನಿಮಗೆ ಗೊತ್ತಿಲ್ಲ.

ನನಗೆ ಮಿಷನ್ನು ಕಲಿಸಿದವಳೂ ಅವಳೇ. ದಾರವಿಲ್ಲದ ಸೂಜಿಯಲ್ಲಿ ಕಾಗದದ ಮೇಲೆ ನೆಟ್ಟಗೆ ತೂತು ಬೀಳಿಸುವುದು ಮೊದಲ ಪಾಠ. ನಾನು ಪೆಡಲ್ಲಿನ ಮೇಲೆ ಕಾಲಿಟ್ಟರೆ ಮಿಷನ್ನು ಹುಚ್ಚು ಕುದುರೆಯ ಹಾಗೆ ಓಡುತ್ತಿತ್ತು.

"ಅತ್ತಿಗಿ, ಕಾಲು ಹಗೂರ ಇಡ್ರಿ. ಬಸ್ ತಪ್ತೈತೇನು?" ಎನ್ನುತ್ತಿದ್ದಳು. ನಾನು "ನಿಧಾನಕ್ಕೆ ಹೋಗಣ ಬಿಡು" ಎಂದರೆ, "ಹೋಗಣ ಅಂತ, ಹೋಗಣ! ಮಡಕಶಿರಾದಾಗ ಎಲ್ಲರೂ ಹಿಂಗ ಹಾಡಿದಂಗ ಮಾತಾಡ್ತೀರೇನ್ರಿ?" ಎಂದು ನಗುತ್ತಿದ್ದಳು. ದಿನಕ್ಕೆ ನಾನಾಡುತ್ತಿದ್ದ ಹತ್ತು ಮಾತುಗಳಲ್ಲಿ ಎಂಟು ಅವಳೊಡನೆಯೇ.

ಹೊಲಿಗೆಯ ಒಂದು ಸಂಗತಿ ಇಲ್ಲಿ ಹೇಳಬೇಕು. ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ ಒಟ್ಟಿಗೆ ಕತ್ತರಿಸುತ್ತಾರೆ. ಒಂದು ಪದರದಿಂದ ಬಂದ ತುಂಡುಗಳಿಗೆಲ್ಲ ಒಂದೇ ನಂಬರಿನ ಚೀಟಿ ಅಂಟಿಸುತ್ತಾರೆ. ಮುಂಭಾಗ ಹನ್ನೆರಡಾದರೆ ಹಿಂಭಾಗವೂ ಹನ್ನೆರಡೇ ಆಗಬೇಕು. ಹೊಲಿಯುವಾಗ ಎಲ್ಲವೂ ಒಂದೇ ಕಪ್ಪುನೀಲಿ, ತಪ್ಪು ಯಾರ ಕಣ್ಣಿಗೂ ಬೀಳದು. ಕಲ್ಲು ಹಾಕಿ ಒಗೆಯುವ ವಾಷಿಂಗಿಗೆ ಹೋಗಿ ಬಂದ ಮೇಲೆಯೇ ಯಾವ ತುಂಡು ಯಾವ ಥಾನಿನದು, ಯಾವ ಬಟ್ಟೆಸುರುಳಿಯದು ಎಂದು ಬಯಲಾಗುವುದು. ಹೀಗೆ ಬಣ್ಣ ಹೊಂದದೆ ಹೋಗುವುದನ್ನೇ ನಾವು ಶೇಡ್ ಎನ್ನುತ್ತಿದ್ದೆವು. ನಾನು ಹಿಂಭಾಗಕ್ಕೆ ಜೇಬು ಹೊಲಿದು ಕಟ್ಟು ಕಟ್ಟಿ ಕೊಡುತ್ತಿದ್ದೆ. ಮುಂದಿನ ಮಿಷನ್ನಿನಲ್ಲಿ ಕರುಣಮ್ಮ ಮುಂಭಾಗ ಹಿಂಭಾಗ ಕೂಡಿಸುತ್ತಿದ್ದಳು.

ನಮ್ಮ ಕ್ರೈಸ್ತ ಸಭೆ ಸೇರುತ್ತಿದ್ದದ್ದು ಹಿಂದಿನ ಓಣಿಯ ತಗಡಿನ ಮನೆಯಲ್ಲಿ. ಓದುವುದು ಕನ್ನಡದಲ್ಲಿ, ಹಾಡುವುದು ತೆಲುಗಿನಲ್ಲಿ. ದೇವರಿಗೆ ಎರಡೂ ಭಾಷೆ ಬರುತ್ತದೆ ಎಂಬ ವಿಷಯದಲ್ಲಿ ಮಾತ್ರ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಸಭೆ ನಡೆಸುತ್ತಿದ್ದ ಅಯ್ಯನವರಿಗೆ ವಯಸ್ಸಾಗಿತ್ತು. ನಮ್ಮಲ್ಲಿ ಹುಟ್ಟಿದ ಕೂಸುಗಳ ನೆತ್ತಿಗೆ ಅವರೇ ನೀರು ಚಿಮುಕಿಸಿ ದೀಕ್ಷಾಸ್ನಾನ ಕೊಡುತ್ತಿದ್ದರು. ಒಂದು ಬೇಸಿಗೆಯಲ್ಲಿ ಮೂರು ದಿನದ ಕೂಟಕ್ಕೆಂದು ಒಬ್ಬ ಹೊಸ ಬೋಧಕರು ಬಂದರು. ಒಳ್ಳೆಯ ಕಂಠ. ಕೂಸಿಗೆ ಚಿಮುಕಿಸಿದ ನೀರು ದೀಕ್ಷಾಸ್ನಾನವೇ ಅಲ್ಲ, ಬುದ್ಧಿ ಬಂದ ಮೇಲೆ ನಂಬಿ ಪೂರ್ತಿ ಮುಳುಗಿ ಎದ್ದರೆ ಮಾತ್ರ ದೀಕ್ಷೆ ಎಂದು ಅವರು ಹೇಳಿದರು. ಮೂರು ದಿನ ಮುಗಿದರೂ ಅವರು ಊರು ಬಿಡಲಿಲ್ಲ.

ಯೂನಿಟ್ಟಿನಲ್ಲೂ ಅದೇ ಮಾತು. ಮೇಸ್ತ್ರಿ ಈರಣ್ಣ ನಮ್ಮ ಮತದವನಲ್ಲ. ಒಂದು ದಿನ ಸೊಂಟಕ್ಕೆ ಕೈಯಿಟ್ಟು ನಿಂತು, "ಕುಡಿಯಾಕ ಮೂರು ದಿನಕ್ಕೊಮ್ಮಿ ನಲ್ಲಿ ಬರ್ತೈತಿ. ನಿಮಗ ಮುಳುಗಾಕ ಬೇಕೇನ್ರಿ? ಚಿಮುಕಿಸಿಕೊಂಡೋರ ಪುಣ್ಯವಂತರು ಬಿಡ್ರಿ, ನೀರಾದ್ರೂ ಉಳೀತು" ಎಂದ. ಎಲ್ಲರೂ ನಕ್ಕರು. ಆಗಿನ್ನೂ ನಗುವಷ್ಟು ಹಗುರವಾಗಿತ್ತು ಅದು.

ನಿಮ್ಮ ತಾತನಿಗೂ ಕರುಣಮ್ಮನಿಗೂ ಬೋಧಕರ ಮಾತು ಸರಿಯೆನಿಸಿತು. ಮೂವರೂ ಮುಳುಗುವುದೆಂದು ತೀರ್ಮಾನವಾಯಿತು. ನನ್ನನ್ನೂ ಕೇಳಿದರು, ನಾನು ಹೂಂ ಎಂದೆ. ಬೋಧಕರು ಬಿಳಿ ಬಟ್ಟೆ ಉಟ್ಟು ಬರಬೇಕೆಂದಿದ್ದರಿಂದ ಕರುಣಮ್ಮ ಪೇಟೆಗೆ ಹೋಗಿ ನನಗೊಂದು ತನಗೊಂದು ಬಿಳಿ ವಾಯಿಲ್ ಸೀರೆ ತಂದಳು. ಇಬ್ಬರ ರವಿಕೆಯನ್ನೂ ಅವಳೇ ಹೊಲಿದಳು.

ಊರಾಚೆ ಒಂದು ಹಿಪ್ಪುನೇರಳೆ ತೋಟ. ಬೋರಿನ ನೀರು ತುಂಬಿಕೊಳ್ಳುವ ದೊಡ್ಡ ಸಿಮೆಂಟಿನ ತೊಟ್ಟಿ. ಬೆಳಗಿನ ಹೊತ್ತಿಗೇ ಜನ ಸೇರಿದ್ದರು. ತೊಟ್ಟಿಯ ಒಂದು ಕಡೆ ಹೆಂಗಸರು, ಇನ್ನೊಂದು ಕಡೆ ಗಂಡಸರು. ವಾಷಿಂಗ್ ಕೆಲಸದ ಹುಡುಗರೂ ನೋಡಲು ಬಂದು ಬದುವಿನ ಮೇಲೆ ಕೂತಿದ್ದರು. ಕರುಣಮ್ಮ ನನ್ನ ಮುಂದೆ ಇದ್ದಳು. ಎದೆಯ ಮೇಲೆ ಕೈಕಟ್ಟಿಕೊಂಡು ಇಳಿದಳು, ಹಾಡು ಎದ್ದಿತು, ಮುಳುಗಿ ಎದ್ದಳು. ಅವಳ ಮುಖ ಬೆಳಗುತ್ತಿತ್ತು. ಸುಳ್ಳಲ್ಲ, ಆ ಮುಖ ನೋಡಿ ನನಗೂ ಮುಳುಗಬೇಕೆನ್ನಿಸಿತು. ಆಮೇಲೆ ಅವಳು ಮೆಟ್ಟಿಲು ಹತ್ತಿ ಮೇಲೆ ಬಂದಳು. ಆ ತೆಳ್ಳನೆಯ ಸೀರೆ ಮೈಗೆ ಅಂಟಿಕೊಂಡು, ಉಟ್ಟೂ ಉಡದಂತಾಗಿತ್ತು. ಅವಳಿಗೆ ಅದರ ಪರಿವೆಯೇ ಇರಲಿಲ್ಲ. ನನಗೆ ಮಾತ್ರ ಬದುವಿನ ಮೇಲಿದ್ದವರ ಕಣ್ಣುಗಳೇ ಕಂಡವು.

"ಬರ್ರಿ ತಂಗಿ" ಎಂದು ಬೋಧಕರು ನೀರಿನಿಂದ ಕೈ ಚಾಚಿದರು.

ನಾನು ಒಂದು ಹೆಜ್ಜೆ ಹಿಂದೆ ಇಟ್ಟೆ.

"ಯಾಕ ತಂಗಿ? ಮನಸಿನಾಗ ಸಂದೇಹ ಐತೇನು?"

ಹಾಡು ನಿಂತಿತು. ಅಷ್ಟು ಜನರೂ ನನ್ನನ್ನೇ ನೋಡಿದರು. ತಲೆ ಅಲ್ಲಾಡಿಸಿದೆ. ಸಂದೇಹವಲ್ಲ ಎಂದು ನಾನು ಅಲ್ಲಾಡಿಸಿದ್ದು. ಒಲ್ಲೆ ಎಂದು ಎಲ್ಲರೂ ತಿಳಿದದ್ದು.

ಗಂಡಸರ ಸಾಲಿನಲ್ಲಿದ್ದ ನಿಮ್ಮ ತಾತ ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಸಾಲಿನಿಂದ ಆಚೆ ಬಂದು, "ನಮ್ಮಾಕಿಗೆ ಸಣ್ಣಾಕಿದ್ದಾಗ ಹಾಕಿದ ನೀರ ಸಾಕಂತ್ರಿ. ನಮ್ಮವ್ವ ನನಗೂ ಎತ್ತಿಕೊಂಡು ಹೋಗಿ ಹಾಕಿಸ್ಯಾಳ. ಅವ್ವ ಮಾಡಿಸಿದ್ದು ಸುಳ್ಳು ಹೆಂಗಾಗ್ತೈತ್ರಿ? ನಾನೂ ಒಲ್ಲೆ" ಎಂದರು.

ಕರುಣಮ್ಮ ತಲೆಯಿಂದ ನೀರು ತೊಟ್ಟಿಕ್ಕುತ್ತಿರುವಂತೆಯೇ ಓಡಿ ಬಂದಳು. "ಅಣ್ಣಾ, ಅವ್ವನ್ನ ಯಾಕ ನಡುವ ತರ್ತಿ? ಹಂಗಾರ ನಾನೀಗ ಅವ್ವಂದು ಸುಳ್ಳು ಅಂದಂಗಾತೇನು?"

"ಅಂದಂಗ ಆತು."

ಅಷ್ಟೇ. ಇಬ್ಬರೂ ಮುಂದೆ ಒಂಬತ್ತು ವರ್ಷ ಮಾತಾಡಲಿಲ್ಲ.

ಅದಾದ ಮೇಲಿನ ಭಾನುವಾರ ಹಳೆಯ ಅಯ್ಯನವರು ಪ್ರಸಂಗದಲ್ಲಿ ನನ್ನ ವಿಷಯ ಎತ್ತಿದರು. ವಿದ್ಯೆ ಇಲ್ಲದ, ಬಾಯಿಲ್ಲದ ಒಬ್ಬ ಸಹೋದರಿ ನೀರಿನ ದಂಡೆಯಲ್ಲಿ ಬಂಡೆಯ ಹಾಗೆ ನಿಂತಳು ಎಂದರು. ನಾನು ತಲೆ ತಗ್ಗಿಸಿ ಚಾಪೆಯ ಹೆಣಿಗೆ ನೋಡುತ್ತ ಕೂತೆ. ಬಂಡೆಗೆ ಒದ್ದೆ ಸೀರೆಯ ಹೆದರಿಕೆ ಇರುತ್ತದೆಯೇ ಎಂದು ಯಾರಾದರೂ ಕೇಳಿದ್ದರೆ ಅವತ್ತೇ ಹೇಳಿಬಿಡುತ್ತಿದ್ದೆನೋ ಏನೋ. ಯಾರೂ ಕೇಳಲಿಲ್ಲ.

ಮುಳುಗಿದವರು ಎದುರು ಸಾಲಿನಲ್ಲೇ ಬೇರೆ ಮನೆ ಹಿಡಿದು ಸಭೆ ಕಟ್ಟಿಕೊಂಡರು. ಹಾರ್ಮೋನಿಯಂ ನಮಗೆ ಉಳಿಯಿತು, ನುಡಿಸುವವನು ಅವರ ಕಡೆ ಹೋದ. ಚಾಪೆ ಹಂಚಿಕೊಂಡರು. ಎರಡೂ ಕಡೆ ಒಂದೇ ಹೊತ್ತಿಗೆ ಆರಾಧನೆ. ನಾವು ಒಂದು ಹಾಡು ಎತ್ತಿದರೆ ಅದೇ ಹಾಡನ್ನು ಅವರು ಅರ್ಧ ಸಾಲು ಮುಂದಿಟ್ಟುಕೊಂಡು ಹಾಡುತ್ತಿದ್ದರು. ಹೆಂಗಸರ ಸಾಲಿನಲ್ಲಿ ಕೂತ ನನಗೆ ಓಣಿಯಾಚೆಯಿಂದ ಕರುಣಮ್ಮನ ದನಿ ಬೇರೆಯಾಗಿ ಕೇಳಿಸುತ್ತಿತ್ತು. ಎಷ್ಟೋ ಸಲ ನಾನು ನಮ್ಮವರನ್ನು ಬಿಟ್ಟು ಅವಳ ಸಾಲನ್ನೇ ಹಿಡಿದು ತಾಳ ತಪ್ಪಿದ್ದೇನೆ.

ಯೂನಿಟ್ಟಿನಲ್ಲಿ ಮಾತ್ರ ನಮ್ಮಿಬ್ಬರ ಮಿಷನ್ನು ಒಂದರ ಹಿಂದೆ ಒಂದು. ನಾನು ಕಟ್ಟು ಮುಂದೆ ತಳ್ಳುತ್ತಿದ್ದೆ, ಅವಳು ತಿರುಗಿ ನೋಡದೆ ಕೈ ಹಿಂದಕ್ಕೆ ಚಾಚಿ ಎಳೆದುಕೊಳ್ಳುತ್ತಿದ್ದಳು. ಒಂದು ದಿನ ಒಂದು ಕಟ್ಟು ಬಿಚ್ಚಿಕೊಂಡು ತುಂಡುಗಳು ನೆಲದ ಮೇಲೆ ಹರಡಿದವು. ಚೀಟಿಗಳು ಕೆಲವು ಉದುರಿದ್ದವು. ಆರಿಸಿ ಜೋಡಿಸುವಾಗ ಅರ್ಧ ಬೇರೆ ಥಾನಿನವು ಎಂದು ನನ್ನ ಬೆರಳಿಗೇ ಗೊತ್ತಾಯಿತು. ಅವು ಒಂದಿಷ್ಟು ಒರಟಾಗಿದ್ದವು. 'ಇವು ಬೇರೆ' ಎಂದು ಎರಡು ಮಾತು ಹೇಳಿದ್ದರೆ ಆಗುತ್ತಿತ್ತು. ಅವಳ ಬೆನ್ನು ನೋಡಿದೆ. ಅವಳು ಕೈ ಚಾಚಿದಳು. ನಾನು ತಳ್ಳಿದೆ.

ವಾಷಿಂಗಿನಿಂದ ಬಂದ ಪ್ಯಾಂಟುಗಳನ್ನು ಈರಣ್ಣ ಎಲ್ಲರ ಮುಂದೆ ಹರವಿದ. ಮುಂದೆ ತಿಳಿನೀಲಿ, ಹಿಂದೆ ಕಪ್ಪು. "ಯಾರವ್ವ ಈ ಹೋಳಿ ಹುಣ್ಣಿಮಿ ಆಡಿದೋರು? ಯಾರು ಕೂಡಿಸಿದ್ದು ಇವನ್ನ?"

"ನಾನ್ರಿ" ಎಂದು ಕರುಣಮ್ಮ ಎದ್ದು ನಿಂತಳು. ನಂಬರು ಯಾಕೆ ನೋಡಲಿಲ್ಲ ಎಂದ. ಅವಳು ನನ್ನ ಕಡೆ ತಿರುಗಲೂ ಇಲ್ಲ. ಅವಳನ್ನು ಮಿಷನ್ನಿನಿಂದ ಎಬ್ಬಿಸಿ, ನೆಲದ ಮೇಲೆ ಕೂತು ದಾರ ಕತ್ತರಿಸುವ ಹೊಸ ಹುಡುಗಿಯರ ಜೊತೆ ಕೂರಿಸಿದರು. ನಾನು ಶಾಲೆಯಲ್ಲಿ ಎದ್ದು ನಿಲ್ಲದವಳು ಅಲ್ಲಿಯೂ ಎದ್ದು ನಿಲ್ಲಲಿಲ್ಲ. ಇದನ್ನು ಇವತ್ತಿಗೂ ಅವಳಿಗೆ ಹೇಳಿಲ್ಲ. ಅವಳಿಗೆ ಈಗ ಕನ್ನಡಕ ಹಾಕಿದರೂ ಅಕ್ಷರ ಕಾಣುವುದಿಲ್ಲ. ನೀವೇ ಯಾರಾದರೂ ಓದಿ ಹೇಳಿ. ನಾನು ಆಗ ಅಡುಗೆಮನೆಯಲ್ಲಿ ಇರುತ್ತೇನೆ.

ತಾತನಿಗಾದರೂ ನಿಜ ಹೇಳಬಾರದಿತ್ತೇ ಎಂದು ನೀವು ಕೇಳಬಹುದು. ಒಂದು ಬೆಳಿಗ್ಗೆ ಅವರು ಗಡ್ಡ ಹೆರೆದುಕೊಳ್ಳುತ್ತಿದ್ದಾಗ ಕನ್ನಡಿ ಹಿಡಿದು ನಿಂತಿದ್ದೆ.

"ಅವತ್ತು ತೊಟ್ಟಿತಾವ..." ಎಂದು ಶುರು ಮಾಡಿದೆ.

"ಅದನ್ನ ನೀ ಹೇಳಬೇಕೇನು? ನಿನ್ನ ನೋಡಿದ ಮ್ಯಾಲೇ ನನಗ ಧೈರ್ಯ ಬಂತು" ಎಂದರು. ಕೆನ್ನೆಯ ತುಂಬ ನೊರೆ, ಕಣ್ಣಿನಲ್ಲಿ ನನ್ನ ಬಗ್ಗೆ ಅಂಥ ಹೆಮ್ಮೆ.

ಅಷ್ಟು ಹೊತ್ತಿಗೆ ಅವರು ಸಭೆಯ ಹಿರಿಯರಾಗಿದ್ದರು. ದಿನವಿಡೀ ಮೇಸ್ತ್ರಿಯ ಕೈಲಿ ಬೈಸಿಕೊಳ್ಳುತ್ತಿದ್ದ ಮನುಷ್ಯ ಭಾನುವಾರ ಇಸ್ತ್ರಿ ಅಂಗಿ ತೊಟ್ಟು ನಿಂತು ವಾಕ್ಯ ಓದುತ್ತಿದ್ದರು. ಜನ ಎದ್ದು ಜಾಗ ಬಿಡುತ್ತಿದ್ದರು. ಅವರು ನಿಂತಿದ್ದ ನೆಲ ನನ್ನ ನಾಚಿಕೆ ಎಂದು ಹೇಗೆ ಹೇಳಲಿ? ಹೇಳದಿದ್ದರೆ ಅಣ್ಣ ತಂಗಿ ಕೂಡುವಂತಿಲ್ಲ, ಹೇಳಿದರೆ ಅವರು ಅಷ್ಟು ಜನರ ಮುಂದೆ ಸಣ್ಣವರಾಗುತ್ತಾರೆ. ಕನ್ನಡಿ ಒಂದು ಬದಿಗೆ ವಾಲಿತ್ತು. "ಸರಿ ಹಿಡಿ" ಎಂದರು. ಸರಿಯಾಗಿ ಹಿಡಿದೆ. ಆ ಬಿಳಿ ಸೀರೆ ಮಡಿಕೆ ಬಿಚ್ಚದೆ ಟ್ರಂಕಿನ ತಳದಲ್ಲಿ ಹಳದಿಯಾಗುತ್ತಿತ್ತು.

ಒಂಬತ್ತನೇ ವರ್ಷ ಅವರಿಗೆ ಜ್ವರ ಬಂತು. ಸಾಮಾನ್ಯ ಜ್ವರವೆಂದೇ ಎರಡು ದಿನ ಕಳೆದೆವು. ಮೂರನೇ ದಿನ ಮಂಪರಿನಲ್ಲಿ, "ಕರುಣಾ ಬಂದಾಳೇನು?" ಎಂದರು. "ಬತ್ತಾಳೆ" ಎಂದು ಹೇಳಿ ಯೂನಿಟ್ಟಿಗೆ ಹೇಳಿಕಳಿಸಿದೆ. ಅವಳು ಕತ್ತರಿ ಕೈಯಲ್ಲಿ ಹಿಡಿದುಕೊಂಡೇ ಓಡಿ ಬಂದಳಂತೆ. ಅಷ್ಟರಲ್ಲಿ ನಾವು ಅವರನ್ನು ಬಳ್ಳಾರಿಯ ಆಸ್ಪತ್ರೆಗೆ ಕರೆದೊಯ್ದಿದ್ದೆವು. ಮಾರನೆಯ ದಿನ ಬೆಳಿಗ್ಗೆ ತಿರುಗಿ ಬಂದದ್ದು ಅವರಲ್ಲ, ಅವರ ದೇಹ.

ಅಂಗಳದಲ್ಲಿ ಶಾಮಿಯಾನ ಹಾಕಿದರು. ನಮ್ಮ ಸಭೆಯವರು ಅದರ ಕೆಳಗೆ ಕೂತರು. ಮುಳುಗಿದವರು ಓಣಿಯ ಬಿಸಿಲಿನಲ್ಲಿ ನಿಂತರು. ಬರದಿರಲೂ ಆಗದು, ನಮ್ಮ ಪ್ರಾರ್ಥನೆಯಲ್ಲಿ ಕೂರಲೂ ಆಗದು. ಕರುಣಮ್ಮ ಶಾಮಿಯಾನದ ಬಿದಿರು ಗಳುವಿನವರೆಗೆ ಬಂದು ಅದನ್ನೇ ಹಿಡಿದು ನಿಂತಿದ್ದಳು. ಅಣ್ಣನ ಮುಖ ಅವಳಿಗೆ ಅಲ್ಲಿಂದ ಕಾಣುತ್ತಿತ್ತೋ ಇಲ್ಲವೋ. ಅವಳು ದಾಟಿ ಬರಲಿಲ್ಲ, ಬಾ ಎಂದು ಯಾರೂ ಕರೆಯಲಿಲ್ಲ.

ಅಯ್ಯನವರು ಮಾತಿಗೆ ನಿಂತರು. ತೀರಿಹೋದ ಸಹೋದರನ ಸ್ಥಿರತೆ ಹೇಳಿದರು. ಆಮೇಲೆ, "ಅವರನ್ನು ನೀರಿನ ದಂಡೆಯಿಂದ ತಿರುಗಿಸಿದ್ದು ಈ ತಾಯಿಯ ವಿಶ್ವಾಸ. ರಕ್ತಸಂಬಂಧ ಬಿಟ್ಟರು, ವಿಶ್ವಾಸ ಬಿಡಲಿಲ್ಲ" ಎಂದರು.

ಗಳುವಿನ ಹತ್ತಿರ ಕರುಣಮ್ಮ ತಲೆ ಬಗ್ಗಿಸಿದಳು.

ನಾನು ಎದ್ದು ನಿಂತೆ. ಹೇಗೆ ಎದ್ದೆನೋ ಗೊತ್ತಿಲ್ಲ. ಪಕ್ಕದವರು ನಾನು ಬೀಳುತ್ತೇನೆಂದು ತೋಳು ಹಿಡಿದರು.

"ವಿಶ್ವಾಸ ಅಲ್ಲ ಅಯ್ಯನೋರೆ" ಎಂದೆ. "ಸೀರೆ ಒದ್ದೆ ಆಗ್ತದೆ ಅಂತ ನಾಚ್ಕೆ ಆಯ್ತು. ಗಂಡಸ್ರು ಇದ್ರು. ಅದ್ಕೇ ಇಳೀಲಿಲ್ಲ. ಇವ್ರಿಗೆ ಹೇಳಕ್ಕೆ ಆಗ್ಲಿಲ್ಲ. ಅಷ್ಟೇ ಆಗಿದ್ದು."

ಅಷ್ಟು ಜನರ ಮುಂದೆ ನಾನು ಆಡಿದ ಮಾತು ಜೀವಮಾನದಲ್ಲಿ ಅದೊಂದೇ. ಯಾರೋ "ದುಃಖಕ್ಕ ತಲಿ ಕೆಟ್ಟೈತಿ, ಕೂಡಿಸ್ರಿ, ನೀರು ಕೊಡ್ರಿ" ಎಂದರು. ಅಯ್ಯನವರು ಪುಸ್ತಕ ತಿರುವಿ, ಹಾಡು ಹೇಳಿ ಎಂದರು. ಹಾಡು ಎದ್ದಿತು. ಓಣಿಯಲ್ಲಿ ನಿಂತವರಿಗೂ ಅದೇ ಹಾಡು ಬರುತ್ತಿತ್ತು, ಕೆಲವರು ತುಟಿ ಆಡಿಸಿದರು. ನಿಮಗೆ ಸುಳ್ಳು ಹೇಳಬಾರದು, ನನ್ನ ಮಾತಿನಿಂದ ಸಭೆಗಳು ಒಂದಾಗಲಿಲ್ಲ. ಇವತ್ತಿಗೂ ಎರಡೇ. ಈಗ ಎರಡಕ್ಕೂ ಆರ್‌ಸಿಸಿ ಕಟ್ಟಡ. ನಮ್ಮವರಲ್ಲಿ ಕೆಲವರು ಸಭೆಯ ಮಾನ ಕಳೆದೆ ಎಂದು ಬಹಳ ದಿನ ನನ್ನನ್ನು ಮಾತಾಡಿಸಲಿಲ್ಲ. ತೀರಿಹೋದ ಗಂಡನ ಹೆಸರಿಗೆ ಮಣ್ಣು ಹಾಕಿದೆ ಎಂದರು. ಹಾಕಿದೆನೋ ಏನೋ. ಅದನ್ನು ನೆನೆದು ಇಂದಿಗೂ ನಿಮ್ಮ ತಾತನಲ್ಲಿ ಕ್ಷಮೆ ಕೇಳುತ್ತೇನೆ.

ಮಣ್ಣು ಮಾಡಿ ಬಂದ ಮೇಲೆ ಎಲ್ಲರೂ ಸ್ನಾನ ಮಾಡಬೇಕು. ವಠಾರಕ್ಕೆಲ್ಲ ಒಂದೇ ಬಚ್ಚಲು, ಅದರ ಮುಂದೆ ನೆಂಟರ ಸಾಲು. ನಾನು ಹಿತ್ತಲಿನ ಸಿಮೆಂಟು ತೊಟ್ಟಿಯ ಹತ್ತಿರ ಹೋಗಿ ಸುಮ್ಮನೆ ನಿಂತೆ. ಮರೆಗೆ ಗಿಡವಿಲ್ಲ, ಗೋಡೆಯಿಲ್ಲ. ಹಿಂದೆ ಹೆಜ್ಜೆ ಸಪ್ಪಳವಾಯಿತು.

"ಖರೇನ ಅತ್ತಿಗಿ?" ಎಂದಳು ಕರುಣಮ್ಮ. "ನಾಚಿಕಿಗೇನು?"

"ಹೂಂ" ಎಂದೆ.

ಅವಳು ನನ್ನನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ, ಹೊಡೆದರೂ ಸರಿ ಎಂದುಕೊಂಡೆ.

"ಒಂದು ಮಾತು ನನ್ನ ಕಿವ್ಯಾಗ ಅನಬಾರದಿತ್ತೇನ್ರಿ? ಒಂದು ದುಪ್ಪಟಿ ಹಿಡೀತಿದ್ನಲ್ಲ ನಾನು."

ಅವಳು ಮೂಗು ಒರೆಸಿಕೊಂಡು ಹಗ್ಗದ ಮೇಲಿದ್ದ ದುಪ್ಪಟಿಯನ್ನು ಎಳೆದುಕೊಂಡಳು. ಎರಡು ತುದಿಯನ್ನೂ ಹಿಡಿದು ತೋಳು ಅಗಲ ಮಾಡಿ, ಮುಖ ಆಚೆ ತಿರುಗಿಸಿ ನಿಂತಳು. ಅಂಗಳದಲ್ಲಿ ಎರಡೂ ಸಭೆಯ ಜನರ ಮಾತು ಕೇಳುತ್ತಿತ್ತು. ನಾನು ಚೊಂಬು ಮುಳುಗಿಸಿ ಉಟ್ಟ ಸೀರೆಯ ಮೇಲೆಯೇ ತಲೆಯಿಂದ ನೀರು ಹೊಯ್ದುಕೊಂಡೆ. ಮತ್ತೆ ಹೊಯ್ದುಕೊಂಡೆ. ಎಷ್ಟು ಹೊತ್ತಾಯಿತೋ, ದುಪ್ಪಟಿಯ ಅಂಚು ನಡುಗತೊಡಗಿತ್ತು.

"ಕೈ ನೋಯ್ತಾವೇನೆ?" ಎಂದೆ.

"ನೀವು ಹುಯ್ಕೊಳ್ರಿ" ಎಂದಳು. "ನಾ ಹಿಡದೀನಿ."